ದೆರ್ಸು ಉಜಾಲಾ ಮತ್ತು ಕ್ಯಾಪ್ಟನ್ ಎಳೆದ ಗೆರೆ

ಅಕಿರಾ ಕುರೊಸಾವನ ‘ದೆರ್ಸು ಉಜಾಲಾ’ ನೋಡಿದವರನ್ನು ಹೇಗಿತ್ತು ಅಂತ ಕೇಳಿ ನೋಡಿ. ಹೆಚ್ಚಿನವರು ಗೆಳೆತನದ ಬಗ್ಗೆ ಇಷ್ಟು ಚೆಂದದ ಸಿನಿಮಾ ಇನ್ನೊಂದಿಲ್ಲ ಅಂತಾರೆ. ಕೆಲವರು ಕಾಡಿನ ಬಗ್ಗೆ ಮಾತಾಡ್ತಾರೆ. ಇನ್ನು ಕೆಲವರು ಅರ್ಧಕ್ಕೇ ನಿದ್ದೆ ಹೋಗಿರ್ತಾರೆ :) ನನ್ನ ಮಟ್ಟಿಗೆ ಮೂರೂ ಅಭಿಪ್ರಾಯಗಳು ಸರಿಯೇ. ಆದರೆ ಈ ಸಿನಿಮಾ ಬಂದ ಕಾಲದಲ್ಲಿ ಬೇರೆ ಬೇರೆ ದೇಶದ ಜನ ಇದನ್ನು ಹೇಗೆ ನೋಡಿದರು ಅಂತ ಓದುತ್ತಾ ಹೋದ ಹಾಗೆ, ನಾವ್ಯಾರೂ ಸರಿಯಾಗಿ ಗಮನಿಸದ ಒಂದು ವಸ್ತು ಈ ಸಿನಿಮಾದ ಮಧ್ಯದಲ್ಲೇ ನಿಂತಿದೆ ಅನ್ನಿಸತೊಡಗಿತು. ಅದು ಕ್ಯಾಪ್ಟನ್‌ನ ಮೂರು ಕಾಲಿನ ಸರ್ವೆ ಉಪಕರಣ.

ನೋಡದವರಿಗಾಗಿ ಕತೆ ಚಿಕ್ಕದಾಗಿ ಹೇಳ್ತೀನಿ. ರಷ್ಯಾದ ಸೇನೆಯ ಅಧಿಕಾರಿ ವ್ಲಾದಿಮಿರ್ ಆರ್ಸೆನ್ಯೆವ್ 1902ರಲ್ಲಿ ಒಂದು ತುಕಡಿ ಕಟ್ಟಿಕೊಂಡು ದೂರಪೂರ್ವದ ಉಸ್ಸುರಿ ಕಾಡಿಗೆ ಸರ್ವೆ ಮಾಡಲು ಬರುತ್ತಾನೆ. ಒಂದು ರಾತ್ರಿ ಬೆಂಕಿಯ ಹತ್ತಿರಕ್ಕೆ ಗಿಡ್ಡ ಕಾಲಿನ, ವಯಸ್ಸಾದ ಬೇಟೆಗಾರನೊಬ್ಬ ಬರುತ್ತಾನೆ. ಅವನೇ ದೆರ್ಸು, ನಾನಾಯ್ ಬುಡಕಟ್ಟಿನವನು. ಆಗ ರಷ್ಯನ್ನರು ಅವರನ್ನು ಗೋಲ್ದಿ ಅಂತ ಕರೆಯುತ್ತಿದ್ದರು. ಹೆಂಡತಿ ಮಕ್ಕಳು ಸಿಡುಬಿಗೆ ಬಲಿಯಾಗಿ ಒಂಟಿಯಾದವನು. ಅವನಿಗೆ ಬೆಂಕಿ, ನೀರು, ಗಾಳಿ, ಹುಲಿ ಎಲ್ಲವೂ ‘ಜನ’ವೇ. ಖಾಲಿ ಗುಡಿಸಲಲ್ಲಿ ಒಂದು ರಾತ್ರಿ ತಂಗಿದರೆ, ಹೊರಡುವಾಗ ಕ್ಯಾಪ್ಟನ್ ಹತ್ತಿರ ಅಕ್ಕಿ, ಉಪ್ಪು, ಬೆಂಕಿಪೊಟ್ಟಣ ಕೇಳಿ ಇಸಕೊಂಡು ಅಲ್ಲೇ ಇಟ್ಟು ಹೋಗುತ್ತಾನೆ. ಮುಂದೆ ಯಾರೋ ಬರ್ತಾರಲ್ಲ, ಅವರಿಗೆ ಅಂತ. ಆ ಯಾರೋ ಯಾರು ಅಂತ ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ‘ಕರ್ವಾಲೊ’ ಓದಿದ ನಮಗೆ ಇಂಥವನನ್ನು ಕಂಡರೆ ಮಂದಣ್ಣ ನೆನಪಾಗದೇ ಇರ್ತಾನಾ?

ಇನ್ನು ಸಿನಿಮಾದ ಹಿನ್ನೆಲೆ. ಇದನ್ನು ಮಾಡುವ ಹೊತ್ತಿಗೆ ಕುರೊಸಾವನ ಸ್ಥಿತಿ ಏನೂ ಚೆನ್ನಾಗಿರಲಿಲ್ಲ. 1970ರ ‘ದೊದೆಸ್ಕಾದೆನ್’ ಓಡಲಿಲ್ಲ, ಜಪಾನಿನಲ್ಲಿ ದುಡ್ಡು ಹಾಕುವವರು ಸಿಗಲಿಲ್ಲ. 1971ರ ಡಿಸೆಂಬರಿನಲ್ಲಿ ಆತ ಆತ್ಮಹತ್ಯೆಗೂ ಪ್ರಯತ್ನಿಸಿದ್ದ. ಆಗ ಕೈಹಿಡಿದದ್ದು ಸೋವಿಯತ್ ಒಕ್ಕೂಟದ ಮಾಸ್‌ಫಿಲ್ಮ್. ಆರ್ಸೆನ್ಯೆವ್ ಬರೆದ ಪುಸ್ತಕಗಳು ಕುರೊಸಾವನಿಗೆ ಚಿಕ್ಕ ವಯಸ್ಸಿನಿಂದಲೂ ಇಷ್ಟ. ಅದನ್ನು ಜಪಾನಿನ ಹೊಕ್ಕೈಡೋ ದ್ವೀಪದಲ್ಲೇ ಚಿತ್ರ ಮಾಡುವ ಯೋಚನೆಯನ್ನೂ ಹಿಂದೊಮ್ಮೆ ಮಾಡಿ ಕೈಬಿಟ್ಟಿದ್ದ. ಹೀಗೆ ಅವನ ಏಕೈಕ 70 ಎಂಎಂ ಸಿನಿಮಾ, ಜಪಾನಿ ಅಲ್ಲದ ಭಾಷೆಯ ಏಕೈಕ ಸಿನಿಮಾ, ರಷ್ಯಾದ ಕಾಡಿನಲ್ಲಿ ತಯಾರಾಯಿತು. ಕ್ಯಾಪ್ಟನ್ ಪಾತ್ರಕ್ಕೆ ಯೂರಿ ಸೊಲೊಮಿನ್. ದೆರ್ಸು ಪಾತ್ರಕ್ಕೆ ಮಕ್ಸಿಮ್ ಮುನ್ಜುಕ್. ಮುನ್ಜುಕ್ ನಾನಾಯ್ ಅಲ್ಲ, ಸಾವಿರಾರು ಮೈಲಿ ದೂರದ ತುವಾ ಪ್ರಾಂತ್ಯದವನು, ಅಲ್ಲಿನ ರಂಗಭೂಮಿ ಕಟ್ಟಿದವರಲ್ಲಿ ಒಬ್ಬ. ಅವನ ಮಾತೃಭಾಷೆ ತುರ್ಕಿ ಗುಂಪಿಗೆ ಸೇರಿದ್ದು, ದೆರ್ಸುವಿನದು ತುಂಗೂಸ್ ಗುಂಪಿನದು. ನೋಡುವ ನಮಗೆ ಇದ್ಯಾವುದೂ ಗೊತ್ತಾಗುವುದಿಲ್ಲ ಬಿಡಿ.

1975ರಲ್ಲಿ ಮಾಸ್ಕೋ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಮರುವರ್ಷ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಕೂಡ ಬಂತು. ಇದರಲ್ಲಿ ಒಂದು ತಮಾಷೆ ಇದೆ. ಆ ಆಸ್ಕರ್ ಹೋದದ್ದು ಸೋವಿಯತ್ ಒಕ್ಕೂಟದ ಲೆಕ್ಕಕ್ಕೆ. ಅದೇ ಸ್ಪರ್ಧೆಯಲ್ಲಿ ಜಪಾನಿನ ಕಡೆಯಿಂದ ‘ಸಂದಕನ್ ನಂ. 8’ ಅನ್ನೋ ಸಿನಿಮಾ ನಾಮನಿರ್ದೇಶನಗೊಂಡಿತ್ತು. ಅಂದರೆ ಜಪಾನು ಸೋತದ್ದು ತನ್ನದೇ ಕುರೊಸಾವನ ಎದುರು!

ಎಲ್ಲರಿಗೂ ಹಿಡಿಸಿತು ಅಂತಲ್ಲ. ‘ಸೆವೆನ್ ಸಮುರಾಯ್’ನ ಓಟ, ಮಳೆ, ಕೆಸರು ಹುಡುಕಿಕೊಂಡು ಬಂದವರಿಗೆ ಇಲ್ಲಿ ಸಿಕ್ಕಿದ್ದು ದೂರದಲ್ಲಿ ಅಲುಗಾಡದೆ ನಿಂತ ಕ್ಯಾಮೆರಾ. ಮುಖವನ್ನು ಹತ್ತಿರದಿಂದ ತೋರಿಸುವುದೇ ಅಪರೂಪ. ನಿಧಾನ ಅಂದವರಿದ್ದರು, ವಿಪರೀತ ಭಾವುಕ ಅಂದವರಿದ್ದರು. ನಾಗರಿಕರ ಊಹೆಯಲ್ಲಿ ಮಾತ್ರ ಇರುವ ಮುಗ್ಧ ಕಾಡುಮನುಷ್ಯನನ್ನೇ ಇದೂ ತೋರಿಸ್ತಿದೆ ಅಂದವರೂ ಇದ್ದರು. ಇನ್ನೊಂದು ತುದಿಯಲ್ಲಿ, 1995ರಲ್ಲಿ ವ್ಯಾಟಿಕನ್ ತಯಾರಿಸಿದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ, ಮಾನವೀಯ ಮೌಲ್ಯಗಳ ವಿಭಾಗದಲ್ಲಿ ಇದಕ್ಕೆ ಜಾಗ ಸಿಕ್ಕಿತು. ಸೋವಿಯತ್ ಸರ್ಕಾರ ದುಡ್ಡು ಹಾಕಿದ ಸಿನಿಮಾವನ್ನು ಪಾದ್ರಿಗಳು ಮೆಚ್ಚಿದರು!

ಬಹಳ ಸಿಟ್ಟಾದದ್ದು ಚೀನಾ. ಇದು ಚೀನಾ ವಿರೋಧಿ ಚಿತ್ರ ಅಂತ ಅಲ್ಲಿಂದ ಕಟುವಾದ ಖಂಡನೆ ಬಂತು. ಎರಡು ಮುದುಕರು ಕಾಡಲ್ಲಿ ಅಲೆಯುವ ಸಿನಿಮಾದ ಮೇಲೆ ಒಂದು ದೇಶಕ್ಕೇ ಯಾಕೆ ಸಿಟ್ಟು ಬರಬೇಕು? ಇದು ತಿಳಿಯಬೇಕಾದರೆ ಆ ಕಾಡು ಯಾರದ್ದು ಅಂತ ಕೇಳಬೇಕು.

ಉಸ್ಸುರಿ ನದಿಯ ಪೂರ್ವದ ಈ ಪ್ರದೇಶ 1860ರ ತನಕ ಚೀನಾದ ಚಿಂಗ್ ಸಾಮ್ರಾಜ್ಯಕ್ಕೆ ಸೇರಿತ್ತು. ಆ ವರ್ಷದ ಪೀಕಿಂಗ್ ಒಪ್ಪಂದದಲ್ಲಿ ರಷ್ಯಾ ಅದನ್ನು ಬರೆಸಿಕೊಂಡಿತು. ಕಾಗದದ ಮೇಲೆ ರಷ್ಯಾದ್ದಾದರೂ ಒಳಗಡೆ ಕಾಡಿನಲ್ಲಿ ಬಲೆ ಹಾಕುವವರು, ಜಿನ್‌ಸೆಂಗ್ ಬೇರು ಅಗೆಯುವವರು, ವ್ಯಾಪಾರ ಮಾಡುವವರು ಬಹುಪಾಲು ಚೀನೀಯರೇ. ಹೊಳೆ ಬೆಟ್ಟಗಳ ಹೆಸರೂ ಎಷ್ಟೋ ಕಡೆ ಅವರ ಬಾಯಲ್ಲಿದ್ದ ಹಾಗೇ. ಅದರ ಮೇಲೆ ಸಿನಿಮಾದ ಎರಡು ಭಾಗಗಳ ನಡುವಿನ ಐದು ವರ್ಷದಲ್ಲೇ (1902ರಿಂದ 1907) ರಷ್ಯಾ–ಜಪಾನ್ ಯುದ್ಧ ನಡೆದು ರಷ್ಯಾ ಸೋತಿತ್ತು. ಹಾಗಾಗಿ ಆರ್ಸೆನ್ಯೆವ್‌ನ ಸರ್ವೆ ಬರೀ ಭೂಗೋಳದ ಕುತೂಹಲ ಅಲ್ಲ. ಕಣಿವೆ ದಾರಿಗಳು ಎಲ್ಲಿವೆ, ಎಷ್ಟು ಜನ ಇದ್ದಾರೆ, ಯಾವ ಜನ ಇದ್ದಾರೆ ಅಂತ ಲೆಕ್ಕ ಹಾಕುವ ಸೇನೆಯ ಕೆಲಸ. 1914ರಲ್ಲಿ ಅವನು ಉಸ್ಸುರಿ ಪ್ರದೇಶದ ಚೀನೀಯರ ಮೇಲೆಯೇ ಒಂದು ಪುಸ್ತಕ ಬರೆದ.

1969ರ ಮಾರ್ಚಿನಲ್ಲಿ ಅದೇ ಉಸ್ಸುರಿ ನದಿಯ ಒಂದು ಪುಟ್ಟ ದ್ವೀಪಕ್ಕಾಗಿ ಸೋವಿಯತ್ ಮತ್ತು ಚೀನೀ ಸೈನಿಕರು ಗುಂಡು ಹಾರಿಸಿಕೊಂಡು ಸತ್ತರು. ರಷ್ಯನ್ನರಿಗೆ ಅದು ದಮಾನ್ಸ್ಕಿ, ಚೀನೀಯರಿಗೆ ಝೆನ್‌ಬಾವ್. (ಕೊನೆಗೆ 1991ರ ಒಪ್ಪಂದದಲ್ಲಿ ಅದು ಚೀನಾಕ್ಕೆ ಹೋಯಿತು.) ಅದಾಗಿ ಐದೇ ವರ್ಷಕ್ಕೆ ಕುರೊಸಾವ ಅಲ್ಲಿಗೆ ಕ್ಯಾಮೆರಾ ತಗೊಂಡು ಹೋದದ್ದು. ಸಿನಿಮಾದಲ್ಲಿ ಪ್ರಾಣಿಗಳನ್ನು ಗುಂಡಿಗೆ ಬೀಳಿಸಿ ಕೊಳೆಯಲು ಬಿಡುವವರು ಚೀನೀಯರು, ಹೆಂಗಸರನ್ನು ಹೊತ್ತೊಯ್ಯುವ ಡಕಾಯಿತರು ಚೀನೀಯರು. ಆದರೆ ಆ ಡಕಾಯಿತರ ಬೆನ್ನು ಹತ್ತುವ ಗಂಭೀರ ನಾಯಕ ಜಾನ್ ಬಾವ್ ಕೂಡ ಚೀನೀಯನೇ. ಕಾಡಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಕೂತ ಆ ಮುದುಕನೂ ಅಷ್ಟೇ. ಅವನ ಮೌನವನ್ನು ಕೆಡಿಸಬೇಡಿ ಅಂತ ದೆರ್ಸು ಹೇಳುವ ದೃಶ್ಯ ಇಡೀ ಸಿನಿಮಾದಲ್ಲೇ ಅತ್ಯಂತ ಮೃದುವಾದ್ದು. ಕುರೊಸಾವ ಯಾರದೋ ತುತ್ತೂರಿ ಊದಿದ ಅಂತ ನನಗನ್ನಿಸುವುದಿಲ್ಲ. ಆದರೂ ಚೀನಾದವರ ಸಿಟ್ಟು ಪೂರ್ತಿ ಹುಚ್ಚು ಅಂತಲೂ ಹೇಳೋಕಾಗಲ್ಲ. ಅವರು ಗೆಳೆತನದ ಹಿಂದಿದ್ದ ನಕ್ಷೆಯನ್ನು ನೋಡಿದರು. ನಾವು ಗೆಳೆತನ ಮಾತ್ರ ನೋಡಿದೆವು.

ಈಗ ಆ ಉಪಕರಣಕ್ಕೆ ಬರೋಣ. ಹಂಕಾ ಸರೋವರದ ಹತ್ತಿರ ಹಿಮಗಾಳಿಗೆ ಸಿಕ್ಕಿ ಇಬ್ಬರೂ ಸಾಯುವ ಸ್ಥಿತಿ. ಕತ್ತಲಾಗುವುದರೊಳಗೆ ಹುಲ್ಲು ಕೊಯ್ಯಬೇಕು, ಕೊಯ್ಯುತ್ತಲೇ ಇರಬೇಕು. ಮಾತು ಕಡಿಮೆ, ಗಾಳಿ ಮತ್ತು ಉಸಿರೇ ಹೆಚ್ಚು. ಕ್ಯಾಪ್ಟನ್ ಕುಸಿದು ಬೀಳುತ್ತಾನೆ. ಸರ್ವೆ ಉಪಕರಣದ ಮೂರು ಕಾಲನ್ನೇ ಕಂಬ ಮಾಡಿ, ಹಗ್ಗ ಬಿಗಿದು, ಮೇಲೆ ಹುಲ್ಲು ಹೊದಿಸಿ ದೆರ್ಸು ಗೂಡು ಕಟ್ಟುತ್ತಾನೆ. ಕ್ಯಾಪ್ಟನ್‌ನ ಜೀವ ಉಳಿಯುತ್ತದೆ. ಜೀವ ಉಳಿದದ್ದಕ್ಕೆ ಸರ್ವೆ ಮುಗಿಯುತ್ತದೆ. ಸರ್ವೆ ಮುಗಿದದ್ದಕ್ಕೆ ರಸ್ತೆ, ಊರು, ರೈಲು ಬರುತ್ತವೆ. ಸಿನಿಮಾ ಶುರುವಾಗುವುದೇ 1910ರಲ್ಲಿ, ಕ್ಯಾಪ್ಟನ್ ದೆರ್ಸುವಿನ ಸಮಾಧಿ ಹುಡುಕುತ್ತಾ ನಿಂತಲ್ಲಿಂದ. ಗುರುತಿಗಿದ್ದ ದೊಡ್ಡ ಮರಗಳಿಲ್ಲ. ಸುತ್ತ ಹೊಸ ಮನೆ ಕಟ್ಟುವ ಸದ್ದು.

ದೆರ್ಸುವಿನ ಸಾವೂ ಹಾಗೆಯೇ. ಕಣ್ಣು ಮಂಜಾದ ಮೇಲೆ ಕ್ಯಾಪ್ಟನ್ ಅವನನ್ನು ಖಬಾರೊವ್ಸ್ಕಿನ ತನ್ನ ಮನೆಗೆ ಕರೆತರುತ್ತಾನೆ. ಅಲ್ಲಿ ನೀರಿಗೆ ದುಡ್ಡು ಕೊಡುವುದು ನೋಡಿ ಅವನಿಗೆ ರೇಗುತ್ತದೆ, ಉದ್ಯಾನದ ಮರ ಕಡಿದು ಪೊಲೀಸರ ಕೈಗೆ ಸಿಗುತ್ತಾನೆ. ವಾಪಸ್ ಕಾಡಿಗೆ ಹೊರಟಾಗ ಕ್ಯಾಪ್ಟನ್ ಹೊಚ್ಚ ಹೊಸ ಬಂದೂಕು ಕೊಡುತ್ತಾನೆ. ಆ ಬಂದೂಕಿನ ಆಸೆಗೇ ಯಾರೋ ಅವನನ್ನು ಕೊಂದಿರಬೇಕು. ಯಾರಲ್ಲೂ ಕೆಟ್ಟ ಮನಸ್ಸಿಲ್ಲ. ಪ್ರೀತಿಯಿಂದ ಕೊಟ್ಟದ್ದೇ ಕೊಲ್ಲುತ್ತದೆ. ಇದನ್ನು ಭಾವುಕ ಸಿನಿಮಾ ಅನ್ನುವವರು ಈ ಭಾಗವನ್ನು ಇನ್ನೊಮ್ಮೆ ನೋಡಬೇಕು.

ನಿಜವಾದ ಇತಿಹಾಸ ಇದಕ್ಕಿಂತ ಸ್ವಲ್ಪ ಒರಟು. ಆರ್ಸೆನ್ಯೆವ್‌ನ ದಿನಚರಿಗಳ ಪ್ರಕಾರ ಇಬ್ಬರೂ ಭೇಟಿಯಾದದ್ದು 1906ರ ಆಗಸ್ಟಿನಲ್ಲಿ. 1902 ಅನ್ನುವುದು ಪುಸ್ತಕ ಬರೆಯುವಾಗ ಆದ ಬದಲಾವಣೆ. ದೆರ್ಸು ಕೊಲೆಯಾದದ್ದು 1908ರಲ್ಲಿ, ಖಬಾರೊವ್ಸ್ಕ್ ಹತ್ತಿರದ ಕೊರ್ಫೊವ್ಸ್ಕಾಯಾ ರೈಲು ನಿಲ್ದಾಣದ ಬಳಿ. ಅಂದರೆ ಇಡೀ ಸ್ನೇಹ ಎರಡು ವರ್ಷಕ್ಕೂ ಕಡಿಮೆ. ಪುಸ್ತಕಗಳು ಬಂದದ್ದು 1921 ಮತ್ತು 1923ರಲ್ಲಿ, ಮ್ಯಾಕ್ಸಿಂ ಗಾರ್ಕಿ ಕಾಗದ ಬರೆದು ಹೊಗಳಿದ್ದು 1928ರಲ್ಲಿ. 1930ರಲ್ಲಿ ಆರ್ಸೆನ್ಯೆವ್ ತೀರಿಕೊಂಡ. ಸತ್ತ ಮೇಲೆ ಅವನನ್ನೇ ಗೂಢಚಾರರ ಗುಂಪಿನ ನಾಯಕ ಅಂತ ಮಾಡಿ, 1938ರಲ್ಲಿ ಅವನ ಹೆಂಡತಿಯನ್ನು ಗುಂಡಿಟ್ಟು ಕೊಂದರು. ಮಗಳನ್ನು ಶಿಬಿರಕ್ಕೆ ಕಳಿಸಿದರು. ಇಂಥದ್ದನ್ನು 1975ರ ಮಾಸ್‌ಫಿಲ್ಮ್ ಸಿನಿಮಾದಲ್ಲಿ ಹುಡುಕುವ ಹಾಗಿಲ್ಲ.

ನಾನಾಯ್ ಜನ 2002ರ ರಷ್ಯಾ ಜನಗಣತಿಯಲ್ಲಿ ಸುಮಾರು 12 ಸಾವಿರ ಇದ್ದರು. ಆರ್ಸೆನ್ಯೆವ್ ಹೆಸರಿನಲ್ಲಿ ಒಂದು ಪಟ್ಟಣವೇ ಇದೆ, ಚಿತ್ರೀಕರಣ ನಡೆದದ್ದೂ ಅದರ ಆಸುಪಾಸಿನಲ್ಲೇ. ದೆರ್ಸು ಹೆಸರಿನಲ್ಲೂ ಒಂದು ಹಳ್ಳಿ ಇದೆ. 1969ರ ಕಾದಾಟದ ನಂತರ ಸೋವಿಯತ್ ಸರ್ಕಾರ ಆ ಪ್ರದೇಶದ ನಕ್ಷೆಯಿಂದ ಚೀನೀ ವಾಸನೆ ಬರುವ ಹೆಸರುಗಳನ್ನೆಲ್ಲ ಅಳಿಸಲು ಹೊರಟಿತು. 1972ರಲ್ಲಿ ಇಮಾನ್ ಹೋಗಿ ದಾಲ್ನೆರೆಚೆನ್ಸ್ಕ್ ಆಯಿತು, ಸುಚಾನ್ ಹೋಗಿ ಪಾರ್ತಿಜಾನ್ಸ್ಕ್ ಆಯಿತು. ಲಾವ್ಲ್ಯು ಅನ್ನೋ ಹಳ್ಳಿ ದೆರ್ಸು ಆದದ್ದು ಅದೇ ವರ್ಷ.