ಹಾಡಿನಿಂದ ಗುರುತು ಪಡೆದ ಹಕ್ಕಿ

ಅರಸೀಕೆರೆಯ ಕಾವಲುಗಳಲ್ಲಿ, ಹಳೇಬೀಡಿನ ಹೊಲದ ಬದುಗಳಲ್ಲಿ ಮುಳ್ಳುಗಿಡದ ಮೇಲೆ ಕೂತು ಹಾಡುವ ಕಂದು ಬಣ್ಣದ ನೆಲಗುಬ್ಬಿಯನ್ನು ಚಿಕ್ಕಂದಿನಿಂದ ಕಂಡಿದ್ದೇವೆ. ಅದರ ಹೆಸರು ಜೆರ್ಡನ್ ಬುಷ್‌ಲಾರ್ಕ್. 20ನೇ ಶತಮಾನದ ಬಹುಕಾಲ ಇದನ್ನು ಬಂಗಾಳ ಬುಷ್‌ಲಾರ್ಕ್‌ನ ಉಪಜಾತಿ ಎಂದೇ ಎಣಿಸಿದ್ದರು. ರೂಪದಲ್ಲಿ ಅಷ್ಟು ಹೋಲಿಕೆ.

ಸ್ವೀಡನ್ನಿನ ಪಕ್ಷಿತಜ್ಞ ಪೆರ್ ಆಲ್‌ಸ್ಟ್ರೋಮ್ ಹಾಡುಗಳನ್ನು ಹೋಲಿಸಿ ನೋಡಿದರು. ಬಂಗಾಳದ್ದು ಬಹಳ ಹೊತ್ತು ಹಾರುತ್ತಾ ಒಂದೇ ಸ್ವರವನ್ನು ಮತ್ತೆ ಮತ್ತೆ ಹಾಡುತ್ತದೆ. ನಮ್ಮದು ಕೂತಲ್ಲಿಂದಲೋ ತುಸು ಹಾರಿಯೋ ಗಿಲಕಿಯಂತೆ ಹಾಡುತ್ತದೆ. ಹಕ್ಕಿಗಳು ಸಂಗಾತಿಯನ್ನು ಗುರುತಿಸಲು ಹಾಡೇ ಮುಖ್ಯ ಆಧಾರ. ಆದ್ದರಿಂದ 1998ರಲ್ಲಿ ಅವರು ಆ ಒಂದನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು.

ಧ್ವನಿಯನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿಸುವುದು ನನ್ನಂಥ ಎಂಜಿನಿಯರಿಗೆ ಸುಲಭ. ಆದರೆ ಕಾವಲು ಉಳಿಯದಿದ್ದರೆ ಮುದ್ರಿಸಲು ಹಾಡೇ ಇರದು. ನಮ್ಮ ಶಾಲೆಯ ಮಕ್ಕಳು ಈ ಹಾಡನ್ನು ಮೊಬೈಲಿನಲ್ಲಿ ಹಿಡಿದು, ಊರು, ದಿನಾಂಕ ಬರೆದಿಡಲಿ.