ಮಗನಿಗೆ ಸೆಲ್ಯೂಟ್ ಹೊಡೆಯುವ ಕನಸು

ನಮ್ಮ ಸಿನಿಮಾಗಳಲ್ಲಿ ಅಪ್ಪನಿಗೆ ಬಹುಕಾಲ ಇದ್ದದ್ದು ಎರಡೇ ಕೆಲಸ. ಮಂಚದ ಮೇಲೆ ಕೆಮ್ಮುತ್ತಾ ಮಲಗುವುದು, ಇಲ್ಲವೇ ಮಗನನ್ನು ಮನೆಯಿಂದ ಆಚೆ ಹಾಕುವುದು. ಮಲಯಾಳದಲ್ಲಿ ಈ ಅಪ್ಪನನ್ನು ಕಥೆಯ ನಡುಮನೆಗೆ ತಂದು ಕೂರಿಸಿದವರಲ್ಲಿ ತಿಲಕನ್ ಮೊದಲ ಸಾಲಿನವರು. 1935ರಲ್ಲಿ ಹುಟ್ಟಿದ ಅವರು ನಾಟಕದಲ್ಲಿ ಪಳಗಿ, ಸಿನಿಮಾದಲ್ಲಿ ನೆಲೆ ಕಾಣುವ ಹೊತ್ತಿಗೆ ನಲವತ್ತು ದಾಟಿತ್ತು. ಹೀರೋ ಆಗುವ ಹಂಗೇ ಇರಲಿಲ್ಲ.

ಪದ್ಮರಾಜನ್ ಅವರ ‘ಮೂನ್ನಾಂ ಪಕ್ಕಂ’ನಲ್ಲಿ (1988) ಅವರು ಅಜ್ಜ. ರಜೆಗೆ ಬಂದ ಮೊಮ್ಮಗ ಕಡಲ ಪಾಲಾಗುತ್ತಾನೆ. ಮೂರನೆಯ ದಿನ ಪಿಂಡ ಬಿಡಲು ನೀರಿಗಿಳಿದ ಮುದುಕ ಹಿಂದಿರುಗುವುದಿಲ್ಲ.

ಮರುವರ್ಷ ಬಂತು ‘ಕಿರೀಡಂ’. ಲೋಹಿತದಾಸ್ ಬರೆದು ಸಿಬಿ ಮಲಯಿಲ್ ನಿರ್ದೇಶಿಸಿದ ಚಿತ್ರ. ಹೆಡ್ ಕಾನ್‌ಸ್ಟೇಬಲ್ ಅಚ್ಯುತನ್ ನಾಯರ್‌ಗೆ ಇರುವುದೊಂದೇ ಆಸೆ: ಮಗ ಸೇತು ಎಸ್‌ಐ ಆಗಬೇಕು, ತಾನು ಅವನಿಗೆ ಸೆಲ್ಯೂಟ್ ಹೊಡೆಯಬೇಕು. ಆದರೆ ಸಂತೆಬೀದಿಯಲ್ಲಿ ರೌಡಿಯಿಂದ ಒದೆ ತಿನ್ನುತ್ತಿದ್ದ ಅಪ್ಪನನ್ನು ಬಿಡಿಸಲು ಹೋಗಿ ಸೇತುವೇ ರೌಡಿಯಾಗಿಬಿಡುತ್ತಾನೆ. ಕೊನೆಯಲ್ಲಿ ಕತ್ತಿ ಹಿಡಿದು ನಿಂತ ಮಗನೆದುರು ತಿಲಕನ್ ಬರುತ್ತಾರೆ. ಪೊಲೀಸಿನವನ ಗದರಿಕೆ ಅರ್ಧದಲ್ಲೇ ಸೋತು ಅಪ್ಪನ ಬೇಡಿಕೆಯಾಗುತ್ತದೆ. ಗಂಟಲಲ್ಲೇ ನಡೆಯುವ ಈ ಬದಲಾವಣೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಆಮೇಲೆ, ಈ ಸೇತುಮಾಧವನ್ ಪೊಲೀಸ್ ಕೆಲಸಕ್ಕೆ ತಕ್ಕವನಲ್ಲ ಎಂದು ಮೇಲಧಿಕಾರಿಗೆ ಹೇಳಬೇಕಾದವರೂ ಅವರೇ. ಇದೇ ಕಥೆ ಕನ್ನಡದಲ್ಲಿ ಶಿವರಾಜ್‌ಕುಮಾರ್ ಅವರ ‘ಮೋಡದ ಮರೆಯಲ್ಲಿ’ (1991) ಆಯಿತು.

ಮುಂದುವರಿದ ಭಾಗ ‘ಚೆಂಕೋಲ್’ (1993) ಆ ಅಪ್ಪನನ್ನು ತೀರಾ ಕೆಳಕ್ಕೆ ತಳ್ಳುತ್ತದೆ. ಮಗಳ ಮೈ ಮಾರಿ ಬದುಕುವ ಸ್ಥಿತಿ, ಕೊನೆಗೆ ನೇಣು. ನಟನೆಗೆ ಕುಂದಿಲ್ಲ, ಆದರೂ ಬರಹಗಾರ ಅವನಿಗೆ ಅಷ್ಟು ನಿರ್ದಯಿ ಆಗಬಾರದಿತ್ತು ಅನ್ನಿಸುತ್ತದೆ.

ನಡುವೆ ಬೇರೆ ಬಗೆಯ ಅಪ್ಪಂದಿರೂ ಬಂದರು. ‘ಸಂದೇಶಂ’ನಲ್ಲಿ (1991) ಪಕ್ಷ ರಾಜಕೀಯಕ್ಕೆ ಬಿದ್ದು ಕಿತ್ತಾಡುವ ಮಕ್ಕಳ ನಡುವೆ ಸಿಕ್ಕ ನಿವೃತ್ತ ರೈಲ್ವೆ ನೌಕರ. ಎಂ.ಟಿ. ವಾಸುದೇವನ್ ನಾಯರ್ ಬರೆದ ‘ಪೆರುಂತಚ್ಚನ್’ನಲ್ಲಿ ತನ್ನನ್ನು ಮೀರಿಸುವ ಮಗನ ಮೇಲೆ ಉಳಿ ಬೀಳಿಸುವ ಶಿಲ್ಪಿ. ಕೈ ಜಾರಿತೋ ಮನಸ್ಸು ಜಾರಿತೋ, ತಿಲಕನ್ ಮುಖದಲ್ಲಿ ಉತ್ತರ ಹುಡುಕಿದರೆ ಸಿಕ್ಕುವುದಿಲ್ಲ.

ಭದ್ರನ್ ಅವರ ‘ಸ್ಪಡಿಕಂ’ನ (1995) ಚಾಕೋ ಮಾಷ್ ಗಣಿತದ ಮೇಷ್ಟ್ರು, ಮಗನನ್ನೂ ಲೆಕ್ಕದಲ್ಲೇ ಅಳೆಯುವವರು. ಯಂತ್ರಗಳಲ್ಲಿ ಕೈಚಳಕವಿದ್ದ ಹುಡುಗ ಅಪ್ಪನ ಏಟು ತಿಂದು ತಿಂದೇ ಪುಂಡನಾದ. ಅಚ್ಯುತನ್ ನಾಯರ್ ಪ್ರೀತಿಯಿಂದ ಕೆಡಿಸಿದ್ದನ್ನು ಚಾಕೋ ಹಟದಿಂದ ಕೆಡಿಸಿದರು, ಅಷ್ಟೇ. ಎರಡೂ ಕಡೆ ಮಗ ಮೋಹನ್‌ಲಾಲ್. ‘ಸ್ಪಡಿಕಂ’ನ ಕನ್ನಡ ರೂಪ ‘ಮಿಸ್ಟರ್ ತೀರ್ಥ’ದಲ್ಲಿ (2010) ಸುದೀಪ್‌ಗೆ ಅನಂತ್ ನಾಗ್ ಅಪ್ಪ.

2012ರ ಸೆಪ್ಟೆಂಬರ್‌ನಲ್ಲಿ ತಿಲಕನ್ ತೀರಿಕೊಂಡರು. ಅದಕ್ಕೆ ಕೆಲವೇ ತಿಂಗಳ ಮುಂಚೆ ‘ಉಸ್ತಾದ್ ಹೋಟೆಲ್’ ಬಂದಿತ್ತು. ಮಗನೊಡನೆ ಮುರಿದುಕೊಂಡ ಕರೀಂ (ತಿಲಕನ್) ಅದರಲ್ಲಿ ಕೋಝಿಕ್ಕೋಡಿನ ಕಡಲದಂಡೆಯಲ್ಲಿ ಮೊಮ್ಮಗನ ಜತೆ ಸುಲೈಮಾನಿ ಚಹಾ ಹೀರುತ್ತಾ ಕೂತಿರುತ್ತಾನೆ. ಮೊಮ್ಮಗ ಇಂಥದ್ದೇ ಆಗಬೇಕೆಂದು ಕೇಳುವುದಿಲ್ಲ.