‘ನನಗೇನೂ ಆಗಿಲ್ಲ’ ಎನ್ನುವ ಸಂಗಾತಿ

ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಬಂದ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುವವರನ್ನು ಎಲ್ಲಕ್ಕಿಂತ ಹೆಚ್ಚು ಹಣ್ಣು ಮಾಡುವುದು ಒಂದು ಮಾತು: ‘ನನಗೇನಾಗಿದೆ? ನಾನು ಸರಿಯಾಗೇ ಇದ್ದೀನಿ.’ ಮಾತ್ರೆ ಉಗಿಯುತ್ತಾರೆ, ಸಹಾಯಕ್ಕೆ ಬಂದವರನ್ನು ಬಾಗಿಲಲ್ಲೇ ಕಳಿಸುತ್ತಾರೆ, ಡಾಕ್ಟರ ಹೆಸರೆತ್ತಿದರೆ ಸಿಡಿಮಿಡಿಗೊಳ್ಳುತ್ತಾರೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಇವರಲ್ಲಿ ಹೆಚ್ಚಿನವರ ಆರೈಕೆ ನಡೆಯುವುದು ಮನೆಯಲ್ಲೇ.

ಹಟವೋ, ರೋಗವೋ?

ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲು ಬಿದ್ದುಹೋದರೂ ತಮಗೇನೂ ಆಗಿಲ್ಲ ಎನ್ನುತ್ತಿದ್ದ ರೋಗಿಗಳನ್ನು ಫ್ರಾನ್ಸಿನ ನರರೋಗ ತಜ್ಞ ಜೋಸೆಫ್ ಬಬಿನ್ಸ್ಕಿ 1914ರಲ್ಲಿ ವಿವರಿಸಿದರು. ಆ ಸ್ಥಿತಿಗೆ ಅವರಿಟ್ಟ ಹೆಸರು ಅನೋಸೊಗ್ನೋಸಿಯಾ. ಡಿಮೆನ್ಷಿಯಾದ ಒಂದು ಬಗೆಯಾದ ಆಲ್ಝೈಮರ್ ಕಾಯಿಲೆಯಲ್ಲೂ ಇದು ಸಾಮಾನ್ಯ. ನಮ್ಮ ತಪ್ಪನ್ನು ನಮಗೇ ಕಾಣಿಸುವ ಮಿದುಳಿನ ಭಾಗಗಳಿಗೇ, ಅದರಲ್ಲೂ ಮುಂಭಾಗಕ್ಕೆ, ಪೆಟ್ಟು ಬಿದ್ದಿರುತ್ತದೆ. ಹೊಸ ನೆನಪು ಉಳಿಯದ್ದರಿಂದ ಅವರ ಮನಸ್ಸಿನಲ್ಲಿರುವುದು ತಮ್ಮ ಹಳೆಯ ರೂಪವೇ: ಬ್ಯಾಂಕು ವ್ಯವಹಾರ ನೋಡುತ್ತಿದ್ದ ಯಜಮಾನ, ಹಬ್ಬದಡುಗೆಯನ್ನು ಒಬ್ಬಳೇ ನಿಭಾಯಿಸುತ್ತಿದ್ದ ಗೃಹಿಣಿ.

ಎಲ್ಲ ನಿರಾಕರಣೆಯೂ ಹೀಗಲ್ಲ. ಆರಂಭದಲ್ಲಿ ಕೆಲವರಿಗೆ ಎಲ್ಲವೂ ಗೊತ್ತಿರುತ್ತದೆ. ಹೆದರಿಕೆ, ನಾಚಿಕೆಯಿಂದ ಮುಚ್ಚಿಡುತ್ತಾರೆ. ಎರಡೂ ಬೆರೆತಿರುವುದೇ ಹೆಚ್ಚು. ಯಾವುದೇ ಇರಲಿ, ‘ನಿನ್ನೆ ಹಾಲು ಉಕ್ಕಿಸಿದೆ, ಮೊನ್ನೆ ದಾರಿ ತಪ್ಪಿದೆ’ ಎಂದು ಪಟ್ಟಿ ಒಪ್ಪಿಸುವುದರಿಂದ ಪ್ರಯೋಜನವಿಲ್ಲ. ಜಗಳದ ಕಾರಣ ಮರೆತುಹೋಗುತ್ತದೆ, ನೋವು ಮಾತ್ರ ಉಳಿಯುತ್ತದೆ.

ಮೊದಲು ತಪಾಸಣೆ

ಬಿ12 ಕೊರತೆ, ಥೈರಾಯ್ಡ್ ಸಮಸ್ಯೆ, ಖಿನ್ನತೆ, ಬಿದ್ದ ಪೆಟ್ಟಿಗೆ ತಲೆಯೊಳಗೆ ನಿಂತ ರಕ್ತ, ಇವೂ ಮರೆವು ತರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಪರೀಕ್ಷೆ ತಪ್ಪಿಸಲೇಬಾರದು. ಮರೆವಿನ ಮಾತೆತ್ತದೆ ‘ಬಿಪಿ, ಶುಗರ್ ನೋಡಿಸೋಣ, ನನಗೂ ಜೊತೆಯಾಗುತ್ತದೆ’ ಎಂದರೆ ಹಲವರು ಹೊರಡುತ್ತಾರೆ. ಮನೆಯಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಮುಂಚೆಯೇ ತಲುಪಿಸಿ. ಸಂಗಾತಿಯ ಎದುರಲ್ಲೇ ದೂರು ಹೇಳುವುದು ಅವರಿಗೆ ಅವಮಾನ. ಒಂದೆರಡು ದಿನದಲ್ಲೇ ಗೊಂದಲ ವಿಪರೀತವಾದರೆ ಸೋಂಕು ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

ವಾದ ಬಿಟ್ಟು ದಾರಿ ಬದಲಿಸಿ

ಸಹಾಯ ಎಂದರೆ ಅಧಿಕಾರ ಹೋಯಿತು ಎಂದೇ ಅವರಿಗೆ ಅನಿಸುತ್ತದೆ. ಅಡುಗೆಯವರನ್ನು ಕರೆತಂದರೆ, ನಿಮ್ಮ ಕೈ ಇನ್ನು ಬೇಡ ಎಂದು ಹೆಂಡತಿಗೆ ಹೇಳಿದಂತೆ. ‘ನನಗೆ ಮಂಡಿನೋವು, ನನ್ನ ಕೆಲಸಕ್ಕೆ ಒಬ್ಬರು ಬರುತ್ತಾರೆ’ ಎಂದು ನೋಡಿ. ಬಂದವರು ಮೊದಲ ವಾರ ಕಾಫಿ ಕುಡಿದು ಹರಟೆ ಹೊಡೆದರೆ ಸಾಕು; ಸ್ನಾನ, ಮಾತ್ರೆಗಳ ಮಾತು ಆಮೇಲೆ. ಸೊಪ್ಪು ಬಿಡಿಸುವುದು, ದೇವರ ದೀಪ ಹಚ್ಚುವುದು, ಪೇಪರ್ ಜೋಡಿಸುವುದು ಅವರ ಪಾಲಿಗೇ ಇರಲಿ. ತಿಂಡಿ ಬೇಕೇ ಎಂದರೆ ಬೇಡ ಎಂಬ ಉತ್ತರ ಸಿದ್ಧ. ದೋಸೆಯೋ ಉಪ್ಪಿಟ್ಟೋ ಎಂದು ಕೇಳಿ.

ಆದರೆ ಬೆಂಕಿ, ವಾಹನ, ಹಣ, ಈ ಮೂರರಲ್ಲಿ ಒಪ್ಪಿಗೆಗೆ ಕಾಯುತ್ತ ಕೂರಬಾರದು. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿಡಿ, ಸ್ಕೂಟರ್ ಕೀಲಿ ಕಣ್ಣಿಗೆ ಬೀಳದಿರಲಿ, ದಾರಿ ತಪ್ಪಿದರೆ ನೆರವಾಗಲು ಜೇಬಿನಲ್ಲಿ ಫೋನ್ ನಂಬರಿರುವ ಚೀಟಿ ಇರಲಿ.

ಕಾಗದಪತ್ರ ಬೇಗ

ಇನ್ನು ಹಣ. ಅದರ ಕಾಗದಪತ್ರದ ಕೆಲಸವನ್ನು ನಮ್ಮ ಮನೆಗಳಲ್ಲಿ ಮುಂದೂಡುತ್ತಲೇ ಹೋಗುತ್ತೇವೆ. 1872ರ ಕರಾರು ಕಾಯ್ದೆಯ ಪ್ರಕಾರ, ಪವರ್ ಆಫ್ ಅಟಾರ್ನಿ ಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಆ ಅಧಿಕಾರವೂ ಕೊನೆಯಾಗುತ್ತದೆ. ಆಮೇಲೆ ಗಂಡನ ಚಿಕಿತ್ಸೆಗೆ ಗಂಡನದೇ ಹಣ ತೆಗೆಯಲು ಹೆಂಡತಿ ಕೋರ್ಟಿಗೆ ಹೋಗಬೇಕಾದೀತು. ತಿಳಿವಳಿಕೆ ಇರುವಾಗಲೇ ಜಂಟಿ ಖಾತೆ, ನಾಮಿನಿ, ಉಯಿಲು ಮುಗಿಸಿ. ‘ಇಬ್ಬರದ್ದೂ ಒಟ್ಟಿಗೆ ಮಾಡಿಸೋಣ’ ಎಂದರೆ ವಿರೋಧ ಕಡಿಮೆ.

ನೋಡಿಕೊಳ್ಳುವವರ ಪಾಡು

ನೆಂಟರೆದುರು ಸಂಗಾತಿ ಚೆನ್ನಾಗಿಯೇ ಮಾತಾಡುತ್ತಾರೆ. ‘ನಮಗೇನೂ ವ್ಯತ್ಯಾಸ ಕಾಣಲಿಲ್ಲವಲ್ಲ’ ಎಂದು ನೆಂಟರು ಎದ್ದುಹೋದ ಮೇಲೆ ನೋಡಿಕೊಳ್ಳುವವರು ಇನ್ನಷ್ಟು ಒಂಟಿ. ಹಾಗೆನ್ನುವ ಮಕ್ಕಳಿದ್ದರೆ ಅವರಲ್ಲೊಬ್ಬರು ವಾರವಿಡೀ ಬಂದು ಉಳಿಯಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞರ ತಪಾಸಣೆ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆ ಕೇಂದ್ರ ನಡೆಸುತ್ತದೆ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಕರೆ ಉಚಿತ, ಸಂಗಾತಿ ಒಪ್ಪದಿದ್ದರೂ ನೀವೇ ಕರೆ ಮಾಡಿ.